ಹುಲಿ ಪ್ರಾಣ ಬಿಡದಿದ್ದರೆ ನೀತಿ ಏನಾಗುತ್ತಿತ್ತು?

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಹಳೆಯ ವಿದ್ಯಾರ್ಥಿಗಳ ಕರೆ ಹೊಸದಲ್ಲ. ಮದುವೆಗೆ ಕರೆಯಲು, ಕೆಲಸ ಸಿಕ್ಕ ಸುದ್ದಿ ಹೇಳಲು, ಒಮ್ಮೊಮ್ಮೆ ಸುಮ್ಮನೆ ಮಾತನಾಡಲು ಫೋನ್ ಮಾಡುತ್ತಾರೆ. 2022ರ ಮೇ ತಿಂಗಳ ಒಂದು ರಾತ್ರಿ ಬಂದ ಕರೆ ಮಾತ್ರ ಬೇರೆಯೇ ಆಗಿತ್ತು. ಹುಡುಗ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಆಯ್ಕೆಪಟ್ಟಿಯಲ್ಲಿದ್ದ. ಊರಿನ ಬಸ್ ನಿಲ್ದಾಣದಲ್ಲಿ ಅವನ ಫೋಟೊ ಹಾಕಿ ಅಭಿನಂದನೆಯ ಫ್ಲೆಕ್ಸ್ ಕಟ್ಟಿದ್ದರು. ಸರ್ಕಾರ ಇಡೀ ಪಟ್ಟಿಯನ್ನು ರದ್ದು ಮಾಡಿದ ಮರುವಾರ ಯಾರೋ ಅದನ್ನು ಬಿಚ್ಚಿದ್ದರು. “ಸರ್, ನಾನು ಯಾರಿಗೂ ಒಂದು ರೂಪಾಯಿ ಕೊಟ್ಟವನಲ್ಲ. ಈಗ ಊರಿನವರ ಕಣ್ಣಿಗೆ ನಾನೂ ಕಳ್ಳನೇ. ನೀವು ಕಲಿಸಿದ್ದು ಸುಳ್ಳಾಯಿತಲ್ಲ, ಸರ್?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿದ್ದವನ ಹಾಗೆ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಕರಣ ಬಹುಮಂದಿಗೆ ಗೊತ್ತಿರುವುದೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಸುಮಾರು 54 ಸಾವಿರ ಮಂದಿ ಬರೆದರು. ಕಲಬುರಗಿಯ ಒಂದು ಕೇಂದ್ರದಲ್ಲಿ ಬರೆದ ಅಭ್ಯರ್ಥಿಯೊಬ್ಬ 21 ಪ್ರಶ್ನೆಗಳಿಗಷ್ಟೇ ಉತ್ತರಿಸಿ 121 ಅಂಕ ಪಡೆದಿದ್ದಾನೆ ಎಂಬ ಆರೋಪದೊಂದಿಗೆ ಹಗರಣ ಹೊರಬಿತ್ತು. ತನಿಖೆ, ಉತ್ತರ ಗುರುತಿಸುವ ಒಎಂಆರ್ ಹಾಳೆಯನ್ನು ತಿದ್ದುವ ಜಾಲದವರೆಗೆ ಹೋಯಿತು. 2022ರ ಏಪ್ರಿಲ್ 29ರಂದು ನೇಮಕಾತಿ ರದ್ದಾಯಿತು. ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ (ಎಡಿಜಿಪಿ) ದರ್ಜೆಯ ಅಧಿಕಾರಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆಯ ನಿರ್ಧಾರವನ್ನು ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. ಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಇಷ್ಟರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು.

ಮರುಪರೀಕ್ಷೆ ನಡೆಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬೆರಕೆಯಾದ ಕಾಳಿನಲ್ಲಿ ಕಲ್ಲು ಎಷ್ಟಿವೆ ಎಂದು ತಿಳಿಯದಿದ್ದಾಗ ಮತ್ತೆ ಕೇರಲೇಬೇಕಾಗುತ್ತದೆ. ಆದರೆ ಆ ಪಟ್ಟಿಯಲ್ಲಿದ್ದ ಪ್ರಾಮಾಣಿಕರಿಗೆ ಆದ ನಷ್ಟ ಎರಡು ಬಗೆಯದು. ದುಡ್ಡು ಕೊಟ್ಟವರಿಂದಾಗಿ ಕೆಲಸ ಕಳೆದುಕೊಂಡರು. ದುಡ್ಡು ಕೊಟ್ಟವರ ಜೊತೆಗೇ ಹೆಸರನ್ನೂ ಕಳೆದುಕೊಂಡರು. ಇದೇ ರಾಜ್ಯದಲ್ಲಿ ಅಕ್ರಮದ ಆರೋಪದ ಮೇಲೆ ರದ್ದಾಗಿದ್ದ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯನ್ನು 2022ರಲ್ಲಿ ಶಾಸನ ಮಾಡಿ ಸಿಂಧುಗೊಳಿಸಲಾಯಿತು. ಒಂದೇ ವರ್ಷದಲ್ಲಿ ಒಂದು ಪಟ್ಟಿ ಕಾನೂನಿನ ಬಲದಿಂದ ಮರುಜೀವ ಪಡೆಯಿತು, ಇನ್ನೊಂದು ಸತ್ತಿತು. ಇದರಿಂದ ಯಾವ ನೀತಿ ಕಲಿಯಬೇಕು ಎಂದು ಇಪ್ಪತ್ತೈದರ ಹುಡುಗ ಕೇಳಿದರೆ ಅವನನ್ನು ಸಿನಿಕ ಎನ್ನಲಾಗದು.

ಬಾಲ್ಯದಲ್ಲಿ ಕಲಿತ ನೀತಿಪಾಠಗಳ ಬಗ್ಗೆ ಯುವಜನರಲ್ಲಿ ನಂಬಿಕೆ ಕುಸಿಯುತ್ತಿದೆ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಮೊಬೈಲ್ ಕಾರಣ, ಸಿನಿಮಾ ಕಾರಣ, ಕೂಡುಕುಟುಂಬ ಒಡೆದದ್ದು ಕಾರಣ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕುಸಿದಿರುವುದು ಏನು ಎಂಬುದನ್ನು ಮೊದಲು ಸರಿಯಾಗಿ ಗುರುತಿಸಬೇಕು.

ನಮ್ಮ ಕಾಲದ ಪಠ್ಯದ ಕಥೆಗಳ ಕೊನೆಯಲ್ಲಿ “ನೀತಿ” ಎಂದು ಬರೆದು ಒಂದು ಸಾಲು ಕೊಡುತ್ತಿದ್ದರು. ಆ ಸಾಲಿನಲ್ಲಿ ಎರಡು ಮಾತುಗಳು ಬೆಸೆದುಕೊಂಡಿರುತ್ತಿದ್ದವು. ಒಂದು ಅಪ್ಪಣೆ: ಸುಳ್ಳು ಹೇಳಬೇಡ, ಕದಿಯಬೇಡ, ಕೊಟ್ಟ ಮಾತಿಗೆ ತಪ್ಪಬೇಡ. ಇನ್ನೊಂದು ಭರವಸೆ: ಹಾಗೆ ನಡೆದರೆ ಒಳ್ಳೆಯದಾಗುತ್ತದೆ, ತಪ್ಪಿದರೆ ಕೆಡುಕಾಗುತ್ತದೆ. ನಾವು ಮಕ್ಕಳಿಗೆ ಅಪ್ಪಣೆಯನ್ನು ಒಪ್ಪಿಸಲು ಭರವಸೆಯನ್ನು ಬೆಲ್ಲದಂತೆ ಬಳಸಿದೆವು. ಬೆಲ್ಲ ಕರಗಿದ ದಿನ ಮಗು ಮದ್ದನ್ನೂ ಉಗುಳಿತು. ನನ್ನ ವಿದ್ಯಾರ್ಥಿಯ ಪ್ರಶ್ನೆಯಲ್ಲಿ ಒಡೆದದ್ದು ಆ ಭರವಸೆ. “ದುಡ್ಡು ಕೊಡಬೇಕಿತ್ತು” ಎಂದು ಅವನು ಹೇಳಲಿಲ್ಲ. “ಕೊಡದಿದ್ದಕ್ಕೆ ಹೀಗಾಗಬಾರದಿತ್ತು” ಎಂದಷ್ಟೇ ಹೇಳಿದ. ಈ ಎರಡರ ನಡುವೆ ಅಗಾಧವಾದ ಅಂತರವಿದೆ. ಆದರೆ ಆ ಅಂತರ ಬಹಳ ಕಾಲ ಉಳಿಯುವುದಿಲ್ಲ ಎಂಬುದು ನನ್ನ ಆತಂಕ.

ಭರವಸೆಯ ಭಾಗವನ್ನು ಮಕ್ಕಳು ಎಷ್ಟು ಆಳವಾಗಿ ನಂಬುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಸೇಬು ಕದ್ದು ಓಡುತ್ತಿದ್ದ ಹುಡುಗ ಹಾಳಾದ ಸೇತುವೆ ದಾಟುವಾಗ ಅದು ಮುರಿದು ನೀರಿಗೆ ಬೀಳುತ್ತಾನೆ. ಕದಿಯದೆ ಇದ್ದಿದ್ದರೂ ಬೀಳುತ್ತಿದ್ದನೇ ಎಂದು ಕೇಳಿದರೆ ಆರು ವರ್ಷದ ಮಕ್ಕಳಲ್ಲಿ ಬಹುಪಾಲು ಜನ, ಕದ್ದದ್ದಕ್ಕೇ ಬಿದ್ದ ಎನ್ನುತ್ತಾರೆ. ಸೇತುವೆಯ ಮರಕ್ಕೂ ಪಾಪ–ಪುಣ್ಯ ಗೊತ್ತು ಎಂಬ ನಂಬಿಕೆ ಅದು. ಹನ್ನೊಂದು, ಹನ್ನೆರಡರ ಹೊತ್ತಿಗೆ ಹಾಗೆ ಹೇಳುವವರ ಸಂಖ್ಯೆ ಇಳಿಯುತ್ತದೆ. ಅಂದರೆ ಭರವಸೆ ಸಡಿಲಗೊಳ್ಳುವುದು ಬೆಳವಣಿಗೆಯ ಸಹಜ ಭಾಗ. ಅದರ ಜಾಗದಲ್ಲಿ ಇನ್ನೊಂದನ್ನು ತಂದು ಇಡದೆ ಇದ್ದದ್ದು ನಮ್ಮ ತಪ್ಪು.

ಈ ನಂಬಿಕೆ ಬಾಲ್ಯ ಮುಗಿದ ಮೇಲೂ ಪೂರ್ತಿ ಹೋಗುವುದಿಲ್ಲ, ಮತ್ತು ಅದು ನಿರುಪದ್ರವಿಯೂ ಅಲ್ಲ. 1966ರಲ್ಲಿ ಮನೋವಿಜ್ಞಾನಿಗಳಾದ ಮೆಲ್ವಿನ್ ಲರ್ನರ್ ಮತ್ತು ಕ್ಯಾರಲಿನ್ ಸಿಮನ್ಸ್ ನಡೆಸಿದ ಪ್ರಯೋಗದಲ್ಲಿ, ತಮ್ಮಂಥದ್ದೇ ಒಬ್ಬ ವಿದ್ಯಾರ್ಥಿನಿ ವಿದ್ಯುತ್ ಆಘಾತ ಅನುಭವಿಸುತ್ತಿರುವಂತೆ ಕಾಣುವ ದೃಶ್ಯವನ್ನು ಕಾಲೇಜು ಹುಡುಗಿಯರು ನೋಡಿದರು. ಅವಳ ನೋವನ್ನು ನಿಲ್ಲಿಸಲು ತಮ್ಮಿಂದ ಸಾಧ್ಯವಿಲ್ಲ ಎಂದಾದಾಗ ನೋಡುವವರು ಅವಳನ್ನೇ ಕೀಳಾಗಿ ಕಾಣತೊಡಗಿದರು. ಜಗತ್ತು ನ್ಯಾಯವಾಗಿದೆ ಎಂಬ ನಂಬಿಕೆಯನ್ನು ಉಳಿಸಿಕೊಳ್ಳಲು ಸಂತ್ರಸ್ತೆಯನ್ನು ಬಿಟ್ಟುಕೊಟ್ಟರು. ನಮ್ಮಲ್ಲಿ ಇದಕ್ಕೆ ಪ್ರಯೋಗಾಲಯವೇ ಬೇಕಿಲ್ಲ. “ಮಾಡಿದ್ದುಣ್ಣೋ ಮಹರಾಯ” ಎಂಬ ಗಾದೆ ಸಾಕು. ಲಂಚಕೋರನನ್ನು ಕುರಿತು ಹೇಳಿದಾಗ ಅದು ನ್ಯಾಯದ ಮಾತು. ಮಗುವನ್ನು ಕಳೆದುಕೊಂಡ ತಾಯಿಯನ್ನೋ, ಸಾಲ ತೀರಿಸಲಾಗದೆ ನೇಣು ಹಾಕಿಕೊಂಡ ರೈತನನ್ನೋ ಕುರಿತು ಜಗಲಿಯ ಮೇಲೆ ಕುಳಿತು ಅದನ್ನೇ ಹೇಳಿದಾಗ? ಆ ಪಿಎಸ್‌ಐ ಪಟ್ಟಿಯ ಪ್ರಾಮಾಣಿಕರ ಬಗ್ಗೆ “ಏನೋ ಮಾಡಿರಬೇಕು, ಇಲ್ಲದಿದ್ದರೆ ಹೀಗೇಕಾಗುತ್ತಿತ್ತು” ಎಂದವರೂ ಇದೇ ನೀತಿಪಾಠ ಕಲಿತವರೇ.

ಹಾಗಾದರೆ ನೀತಿಕಥೆಗಳೇ ವ್ಯರ್ಥವೇ? ಮನೋವಿಜ್ಞಾನಿ ಕಾಂಗ್ ಲೀ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಒಂದು ಆಟಿಕೆಯನ್ನು ಕದ್ದು ನೋಡುವ ಅವಕಾಶ ಕೊಟ್ಟು, ಆಮೇಲೆ ಒಂದು ಕಥೆ ಓದಿ, “ನೋಡಿದೆಯಾ” ಎಂದು ಕೇಳಿದರು. ತೋಳ ಬಂತು ಎಂದು ಸುಳ್ಳು ಕೂಗಿ ಕೊನೆಗೆ ಕೆಟ್ಟ ಹುಡುಗನ ಕಥೆ ಕೇಳಿದ ಮಕ್ಕಳು ಹೆಚ್ಚು ನಿಜ ಹೇಳಲಿಲ್ಲ. ಸುಳ್ಳಾಡಿದ್ದಕ್ಕೆ ಮೂಗು ಉದ್ದವಾದ ಗೊಂಬೆಯ ಕಥೆಯೂ ಕೆಲಸ ಮಾಡಲಿಲ್ಲ. ಚೆರಿ ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಗಳಿಸಿದ ಬಾಲಕ ಜಾರ್ಜ್ ವಾಷಿಂಗ್ಟನ್ ಕಥೆ ಕೇಳಿದವರು ಮಾತ್ರ ಹೆಚ್ಚು ನಿಜ ನುಡಿದರು. ಅದೇ ಕಥೆಯನ್ನು ತಿರುಚಿ ಸುಳ್ಳಾಡಿದವನಿಗೆ ಕೆಡುಕಾಯಿತು ಎಂದು ಮುಗಿಸಿದಾಗ ಪರಿಣಾಮ ಮಾಯವಾಯಿತು. ಹೆದರಿಸುವುದಕ್ಕಿಂತ ನಿಜಕ್ಕೆ ಗೌರವ ಸಿಗುವುದನ್ನು ತೋರಿಸುವುದು ಎಳೆಯ ಮಕ್ಕಳಿಗೆ ನಾಟುತ್ತದೆ ಎಂಬುದು ಇದರ ಸಾರ. ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತಲೇ ಇದೆ. ಆ ಚೆರಿ ಮರದ ಘಟನೆ ನಡೆದದ್ದಕ್ಕೆ ಆಧಾರವಿಲ್ಲ. ವಾಷಿಂಗ್ಟನ್ ತೀರಿಕೊಂಡ ಮೇಲೆ ಮೇಸನ್ ವೀಮ್ಸ್ ಎಂಬ ಜೀವನಚರಿತ್ರೆಕಾರ ತನ್ನ ಪುಸ್ತಕದ 1806ರ ಆವೃತ್ತಿಯಲ್ಲಿ ಸೇರಿಸಿದ ಕಥೆ ಅದು. ಪ್ರಾಮಾಣಿಕತೆಯನ್ನು ಕಲಿಸಲು ದೊಡ್ಡವರಿಗೆ ಸುಳ್ಳು ಬೇಕಾಯಿತು. ಮಗು ಬೆಳೆದು ಇದನ್ನು ಕಂಡುಕೊಂಡ ದಿನ ಏನಾಗುತ್ತದೆ ಎಂಬುದನ್ನು ಯಾವ ಅಧ್ಯಯನವೂ ಅಳೆಯಬೇಕಿಲ್ಲ, ನಮಗೆಲ್ಲ ಅದು ಅನುಭವದಿಂದಲೇ ಗೊತ್ತಿದೆ.

ನಮ್ಮ ಪುಣ್ಯಕೋಟಿಗೆ ಬರೋಣ. ಯಾರು ಕಟ್ಟಿದರೆಂದು ತಿಳಿಯದ ಆ ಜನಪದ ಕಥನವನ್ನು ಕನ್ನಡದ ಮಕ್ಕಳು ತಲೆಮಾರುಗಳಿಂದ ಕೇಳಿ ಅತ್ತಿದ್ದಾರೆ. ಅದರ ನೀತಿಯಾಗಿ ನಾನು ವರ್ಷಗಟ್ಟಲೆ ಹೇಳಿಕೊಟ್ಟದ್ದು, ಸತ್ಯ ಹೇಳಿದ್ದರಿಂದ ಹಸು ಉಳಿಯಿತು ಎಂದು. ಆ ಫೋನ್ ಕರೆಯ ನಂತರ ಕಥೆಯನ್ನು ಮತ್ತೆ ಓದಿದೆ. ಹಸು ಹುಲಿಯ ಬಳಿಗೆ ಮರಳುವ ಮುನ್ನ ಮಾಡುವ ಒಂದು ಕೆಲಸ ಕಣ್ಣಿಗೆ ಬಿತ್ತು. ಅದು ತನ್ನ ಕರುವನ್ನು ದೊಡ್ಡಿಯ ಉಳಿದ ಹಸುಗಳಿಗೆ ಒಪ್ಪಿಸುತ್ತದೆ. ತಬ್ಬಲಿಯನ್ನು ನಿಮ್ಮದೇ ಎಂದು ಕಾಣಿ ಎಂದು ಬೇಡಿಕೊಳ್ಳುತ್ತದೆ. ಅಂದರೆ ತಾನು ಬದುಕಿ ಬರುತ್ತೇನೆಂದು ಅದು ಕ್ಷಣ ಮಾತ್ರವೂ ನಂಬಿರಲಿಲ್ಲ. ಹುಲಿಯ ಮನಸ್ಸು ಕರಗುವುದು, ಅದು ಹಾರಿ ಪ್ರಾಣ ಬಿಡುವುದು ಹಸುವಿನ ಲೆಕ್ಕದಲ್ಲೇ ಇರಲಿಲ್ಲ. ನಾವು ಮೇಷ್ಟರುಗಳು ಕೊನೆಯ ದೃಶ್ಯವನ್ನು ಹಿಡಿದುಕೊಂಡು ಕಥೆಯನ್ನೇ ವ್ಯಾಪಾರ ಮಾಡಿಬಿಟ್ಟೆವು. ಸತ್ಯ ಕೊಟ್ಟರೆ ಪ್ರಾಣ ಉಳಿಯುತ್ತದೆ, ಇಷ್ಟು ಹಾಕಿದರೆ ಇಷ್ಟು ಬರುತ್ತದೆ. ಕಥೆ ಅದನ್ನು ಹೇಳುತ್ತಿರಲಿಲ್ಲ.

ಪಾಠ ಮತ್ತು ನಡತೆಯ ನಡುವಿನ ದೂರದ ಬಗ್ಗೆ ಇನ್ನೂ ಹಳೆಯದಾದ ಒಂದು ದೊಡ್ಡ ಸಮೀಕ್ಷೆಯಿದೆ. 1920ರ ದಶಕದಲ್ಲಿ ಅಮೆರಿಕದ ಹ್ಯೂ ಹಾರ್ಟ್ಸ್‌ಹಾರ್ನ್ ಮತ್ತು ಮಾರ್ಕ್ ಮೇ ಸುಮಾರು 11 ಸಾವಿರ ಮಕ್ಕಳಿಗೆ ಮೋಸ ಮಾಡುವ, ಸುಳ್ಳಾಡುವ, ಕದಿಯುವ ಅವಕಾಶಗಳನ್ನು ಸೃಷ್ಟಿಸಿ ನೋಡಿದರು. ಒಂದು ಕಡೆ ಪ್ರಾಮಾಣಿಕನಾದ ಹುಡುಗ ಇನ್ನೊಂದು ಕಡೆ ಮೋಸ ಮಾಡಿದ. ನೀತಿಬೋಧೆ ಪಡೆದದ್ದಕ್ಕೂ ನಡತೆಗೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ. ಸನ್ನಿವೇಶ ಹೇಗಿದೆ, ಸಿಕ್ಕಿಬೀಳುವ ಸಂಭವ ಎಷ್ಟು, ಜೊತೆಯ ಮಕ್ಕಳು ಏನು ಮಾಡುತ್ತಿದ್ದಾರೆ ಎಂಬುದಕ್ಕೇ ಹೆಚ್ಚಿನ ತೂಕವಿತ್ತು.

ಇದಕ್ಕೆ ನಮ್ಮಲ್ಲಿ ಕಣ್ಣೆದುರಿನ ಸಾಕ್ಷಿ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಆ ವರ್ಷ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಇಳಿಕೆಯೆಲ್ಲ ನಕಲಿನ ಲೆಕ್ಕಕ್ಕೇ ಸೇರುವುದಿಲ್ಲ. ಕೋವಿಡ್ ಕಾಲದಲ್ಲಿ ತರಗತಿ ಕಳೆದುಕೊಂಡ ಮಕ್ಕಳು ಅವರು, ಕ್ಯಾಮೆರಾದ ಭಯಕ್ಕೆ ಗೊತ್ತಿದ್ದದ್ದನ್ನು ಮರೆತವರೂ ಇದ್ದಾರು. ಆದರೆ ಶಿಕ್ಷಕರ ಕೊಠಡಿಯಲ್ಲಿ ಕುಳಿತ ನಮಗೆಲ್ಲ ಒಳಗಿನ ಸಂಗತಿ ಗೊತ್ತು. ಹಲವು ಕೇಂದ್ರಗಳಲ್ಲಿ ಚೀಟಿ ಮಕ್ಕಳು ತಂದದ್ದಲ್ಲ, ದೊಡ್ಡವರು ಒಳಗೆ ಕಳಿಸಿದ್ದು. ಜಿಲ್ಲೆಗೆ ಸ್ಥಾನ ಬರಬೇಕು, ಶಾಲೆಗೆ ನೂರಕ್ಕೆ ನೂರು ಬರಬೇಕು, ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುತ್ತದೆ. ನಾನೂ ಕೊಠಡಿ ಮೇಲ್ವಿಚಾರಕನಾಗಿ ಕಿಟಕಿಯಾಚೆ ನೋಡುತ್ತಾ ನಿಂತದ್ದಿದೆ. ಒಮ್ಮೆ ಒಬ್ಬ ಹುಡುಗಿ ಅಕ್ಕಪಕ್ಕದವರಿಗೆ ಬಂದ ಉತ್ತರಗಳನ್ನು ನೋಡದೆ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. ಅವಳು ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದ್ದನ್ನು ಇಂದಿಗೂ ಮರೆಯಲಾಗಿಲ್ಲ. ಅವಳು ನನ್ನ ಶಾಲೆಯವಳಲ್ಲ, ಹೆಸರೂ ಗೊತ್ತಿಲ್ಲ. ಆ ಮೂರು ಗಂಟೆಯಲ್ಲಿ ಅವಳಿಗೆ ನಾನು ಕಲಿಸಿದ ಪಾಠವನ್ನು ಮತ್ತೆ ಯಾವ ನೀತಿಕಥೆಯೂ ಅಳಿಸಲಾರದು.

ಮನೆಯ ಪಾಠವೂ ಬೇರೆಯಲ್ಲ. ಬಸ್ಸಿನಲ್ಲಿ ಹನ್ನೆರಡು ತುಂಬಿದ ಮಗನಿಗೆ ಅರ್ಧ ಟಿಕೆಟ್ ಕೊಳ್ಳಲು “ಕಂಡಕ್ಟರ್ ಕೇಳಿದರೆ ಹನ್ನೊಂದು ಅನ್ನು” ಎಂದು ಪಿಸುಗುಟ್ಟುವ ತಾಯಿ ಕೆಟ್ಟವಳಲ್ಲ. ಉಳಿಸಿದ ಹಣದಲ್ಲಿ ಅವಳು ಅವನಿಗೇ ನೋಟ್‌ಬುಕ್ ಕೊಡಿಸುತ್ತಾಳೆ. ಹೇಳುವ ಪುರಾಣ ಒಂದು, ತಿನ್ನುವ ಬದನೆಕಾಯಿ ಇನ್ನೊಂದು ಎಂಬುದನ್ನು ಮಗು ತಿಳಿಯುವುದು ಹೀಗೆ ಪ್ರೀತಿಸುವವರಿಂದಲೇ. ಹಾಗಾಗಿಯೇ ಅದು ಅಷ್ಟು ಆಳಕ್ಕೆ ಇಳಿಯುತ್ತದೆ.

ಹೀಗೆ ನಂಬಿಕೆ ಕಳೆದುಕೊಂಡವರು ಏನಾಗುತ್ತಾರೆ? ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನ ನನ್ನನ್ನು ಬೆಚ್ಚಿಬೀಳಿಸಿತು. ಅರ್ಥಶಾಸ್ತ್ರಜ್ಞರಾದ ರೇಮಾ ಹನ್ನಾ ಮತ್ತು ಶಿಂಗ್‌ ಯಿ ವಾಂಗ್ ನಗರದ 669 ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಒಂದು ದಾಳ ಕೊಟ್ಟು, ಯಾರೂ ನೋಡದಂತೆ 42 ಬಾರಿ ಉರುಳಿಸಿ ಬಿದ್ದ ಅಂಕಿಗಳನ್ನು ತಾವೇ ಬರೆದುಕೊಡಲು ಹೇಳಿದರು. ಅಂಕಿ ಹೆಚ್ಚಿದಷ್ಟೂ ಹಣ ಹೆಚ್ಚು. ಒಬ್ಬೊಬ್ಬರ ಸುಳ್ಳನ್ನು ಹಿಡಿಯಲಾಗದಿದ್ದರೂ ಒಟ್ಟು ಮೊತ್ತ ಸಂಭವನೀಯತೆಯ ಮಿತಿಯನ್ನು ಮೀರಿತ್ತು. ಅದಕ್ಕಿಂತ ಮುಖ್ಯವಾದದ್ದು, ದಾಳದಲ್ಲಿ ಹೆಚ್ಚು ಅಂಕಿ ಹೇಳಿಕೊಂಡವರಲ್ಲಿ ಸರ್ಕಾರಿ ನೌಕರಿ ಬಯಸುವವರ ಪ್ರಮಾಣ ಹೆಚ್ಚಿತ್ತು. 2017ರಲ್ಲಿ ಪ್ರಕಟವಾದ ಈ ಅಧ್ಯಯನದ ಅಂತರ ಬಹಳ ದೊಡ್ಡದಲ್ಲ, ಸರ್ಕಾರಿ ನೌಕರಿ ಬಯಸುವವರೆಲ್ಲ ಮೋಸಗಾರರು ಎಂದು ಅದು ಹೇಳುವುದೂ ಇಲ್ಲ. ಆದರೆ ಒಂದು ವ್ಯವಸ್ಥೆ ಭ್ರಷ್ಟ ಎಂಬ ಹೆಸರು ಪಡೆದರೆ ಅದರತ್ತ ಸೆಳೆಯಲ್ಪಡುವವರು ಯಾರು, ಹಿಂದೆ ಸರಿಯುವವರು ಯಾರು ಎಂಬುದರ ಸುಳಿವು ಅಲ್ಲಿದೆ. ಪ್ರಾಮಾಣಿಕರು ಭ್ರಮನಿರಸನಗೊಂಡರೆ ಸಾಮಾನ್ಯವಾಗಿ ಮೋಸಗಾರರಾಗುವುದಿಲ್ಲ. ಸುಮ್ಮನೆ ಕಣದಿಂದ ಹೊರಗೆ ನಡೆಯುತ್ತಾರೆ. ವಿಧಾನಸೌಧದ ನೆತ್ತಿಯಲ್ಲಿ “ಸರ್ಕಾರದ ಕೆಲಸ ದೇವರ ಕೆಲಸ” ಎಂದು ಕೆಂಗಲ್ ಹನುಮಂತಯ್ಯನವರು ಕೆತ್ತಿಸಿದರು. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಆ ಸಾಲನ್ನು ಗಟ್ಟಿಯಾಗಿ ಓದಿಸಿದ್ದೇನೆ. ಓದಿದವರಲ್ಲಿ ಅದನ್ನು ನಂಬಿದ ಮಕ್ಕಳೇ ಅಲ್ಲಿಗೆ ಹೋಗದಂತಾದರೆ ಒಳಗೆ ಉಳಿಯುವವರು ಯಾರು?

2016ರಲ್ಲಿ ಸಿಮನ್ ಗೆಖ್ಟರ್ ಮತ್ತು ಜೊನಾಥನ್ ಶುಲ್ಜ್ 23 ದೇಶಗಳ ಯುವಜನರೊಡನೆ ನಡೆಸಿದ ಇಂಥದ್ದೇ ದಾಳದ ಪರೀಕ್ಷೆಯೂ ಇದನ್ನೇ ಸೂಚಿಸಿತು: ಭ್ರಷ್ಟಾಚಾರ, ತೆರಿಗೆಗಳ್ಳತನ ಹೆಚ್ಚಿರುವ ದೇಶಗಳ ಯುವಜನರು ದಾಳದ ವಿಷಯದಲ್ಲೂ ಹೆಚ್ಚು ಸುಳ್ಳಾಡಿದರು. ನಿಯಮ ಮುರಿಯುವುದನ್ನು ನೋಡುತ್ತಾ ಬೆಳೆದವರ ಒಳಗಿನ ಅಳತೆಗೋಲೇ ಸಡಿಲವಾಗುತ್ತದೆ.

ಸತ್ಯ ಹೇಳಿದವರನ್ನು ಈ ದೇಶ ಹೇಗೆ ನಡೆಸಿಕೊಂಡಿದೆ ಎಂಬುದನ್ನೂ ಮಕ್ಕಳು ನೋಡುತ್ತಾರೆ. ಮಂಜುನಾಥ್ ಷಣ್ಮುಗಂ ಕೋಲಾರ ಜಿಲ್ಲೆಯ ಹುಡುಗ. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿದವನು. ಉತ್ತರಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. ಆಗ ಅವನಿಗೆ 27. ಅವನ ಸಹಪಾಠಿಗಳು ಬೆನ್ನು ಹತ್ತಿ ಮೊಕದ್ದಮೆ ನಡೆಸಿದ್ದರಿಂದ ಅಪರಾಧಿಗಳಿಗೆ ಶಿಕ್ಷೆಯಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ ಸಹಕಾರ ಸಂಘಗಳ ಲೆಕ್ಕಪರಿಶೋಧನೆಯ ಅಧಿಕಾರಿಯಾಗಿದ್ದ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ರಸ್ತೆಯಲ್ಲೇ ಹಲ್ಲೆಗೊಳಗಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿಗೆ ಪತ್ರ ಬರೆದಿದ್ದ ಸತ್ಯೇಂದ್ರ ದುಬೆ 2003ರಲ್ಲೇ ಗಯಾದಲ್ಲಿ ಕೊಲೆಯಾಗಿದ್ದರು. ಇಷ್ಟೆಲ್ಲ ಆದ ಮೇಲೆ ಅಕ್ರಮ ಬಯಲು ಮಾಡುವವರ ರಕ್ಷಣೆಗೆ ಸಂಸತ್ತು 2014ರಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದು ಜಾರಿಗೆ ಬರುವ ದಿನಾಂಕವನ್ನು ಕೇಂದ್ರ ಸರ್ಕಾರ ಅಧಿಸೂಚಿಸಬೇಕಿತ್ತು. ಹತ್ತು ವರ್ಷ ಕಳೆದರೂ ಆ ಅಧಿಸೂಚನೆ ಹೊರಬೀಳಲಿಲ್ಲ. ಶಾಲೆಯ ಗೋಡೆಯ ಮೇಲೆ ಸತ್ಯಮೇವ ಜಯತೇ ಎಂದು ಬರೆಸುವ ಪ್ರಭುತ್ವವೇ ಸತ್ಯ ಹೇಳುವವನ ಬೆನ್ನ ಹಿಂದೆ ನಿಲ್ಲಲು ಸಿದ್ಧವಿಲ್ಲ. ಇದಕ್ಕಿಂತ ದೊಡ್ಡ ನೀತಿಭಂಗ ನನಗೆ ಕಾಣುವುದಿಲ್ಲ, ಮತ್ತು ಇದನ್ನು ಬರೆಯುವಾಗ ನನ್ನ ಕೈ ಸಿಟ್ಟಿನಿಂದ ನಡುಗುತ್ತಿದೆ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಭ್ರಮನಿರಸನದ ಬಗ್ಗೆ ಹೀಗೆ ದುಃಖದಿಂದ ಬರೆಯುವವರು ಹೆಚ್ಚಾಗಿ ಭ್ರಮೆಯನ್ನು ಇಟ್ಟುಕೊಳ್ಳಲು ಅವಕಾಶವಿದ್ದವರು. “ಎಲ್ಲರೂ ಸಮಾನರು” ಎಂಬ ಪಾಠವನ್ನು ತೆಗೆದುಕೊಳ್ಳಿ. ನನ್ನ ಮನೆಯಲ್ಲಿ ಕೆಲಸದವರಿಗೆ ಹೊರಗಿನ ಗೂಟಕ್ಕೆ ಸಿಕ್ಕಿಸಿದ್ದ ಲೋಟವಿತ್ತು. ಅದರ ಅರ್ಥ ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದವರ ಮಗ ನನ್ನದೇ ತರಗತಿಯಲ್ಲಿದ್ದ. ಅವನೂ ಅದೇ ಪಾಠವನ್ನು ಅದೇ ದಿನ ಕಂಠಪಾಠ ಮಾಡಿದ್ದ. ಅವನು ಅದನ್ನು ಒಂದು ದಿನವೂ ನಂಬಿರಲಾರ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಶೇ 27ರಷ್ಟು ಕುಟುಂಬಗಳು ಯಾವುದಾದರೊಂದು ರೂಪದಲ್ಲಿ ಅಸ್ಪೃಶ್ಯತೆ ಆಚರಿಸುವುದಾಗಿ ತಾವಾಗಿಯೇ ಒಪ್ಪಿಕೊಂಡವು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬೆಳಕಿಗೆ ಬಂದು ಪ್ರಾಂಶುಪಾಲರ ಬಂಧನವಾಯಿತು. ಆ ಶಾಲೆಯಲ್ಲೂ ಬೆಳಗಿನ ಪ್ರಾರ್ಥನೆ ಇರುತ್ತದೆ, ಸಂವಿಧಾನದ ಪೀಠಿಕೆಯನ್ನು ಓದಿಸುತ್ತಾರೆ. ಅಲ್ಲಿಯ ಮಗುವಿಗೆ ನೀತಿಪಾಠದ ಟೊಳ್ಳುತನ ತಿಳಿಯುವುದು ಏಳೆಂಟನೆಯ ವಯಸ್ಸಿಗೆ. ಅದಕ್ಕೆ ಭ್ರಮನಿರಸನ ಎಂಬ ದೊಡ್ಡ ಪದವೂ ಒಪ್ಪುವುದಿಲ್ಲ, ಯಾಕೆಂದರೆ ಮೊದಲಿಗೆ ಭ್ರಮೆಯೇ ಇರಲಿಲ್ಲ. ಆದರೂ ಸಮಾನತೆಯ ಮಾತನ್ನು ಈ ನಾಡಿನಲ್ಲಿ ಅತ್ಯಂತ ಗಟ್ಟಿಯಾಗಿ ಹಿಡಿದವರು ಅದರ ಫಲವನ್ನು ಎಂದೂ ಉಣ್ಣದವರೇ. ಅಂಬೇಡ್ಕರ್ ಶಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಬೇರೆ ಕುಳಿತವರು. ಭರವಸೆ ಸುಳ್ಳೆಂದು ಗೊತ್ತಿದ್ದೂ ಅಪ್ಪಣೆಯನ್ನು ಎತ್ತಿಹಿಡಿಯುವುದು ಸಾಧ್ಯ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ.

ಎಲ್ಲ ಪಾಠಗಳೂ ಉಳಿಯಬೇಕಾದವಲ್ಲ ಎಂಬುದೂ ಅಷ್ಟೇ ನಿಜ. “ದೊಡ್ಡವರು ಹೇಳಿದಂತೆ ಕೇಳು, ಎದುರು ಮಾತನಾಡಬೇಡ” ಎಂಬುದು ಅಂಥದ್ದೊಂದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಕ್ಕಳಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. 2012ರಲ್ಲಿ ಮಕ್ಕಳನ್ನು ಇಂಥ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂತು. ಕಾಯ್ದೆಯ ಬಗ್ಗೆ ತಿಳಿಸುವಾಗ ನಾವು ಮಕ್ಕಳಿಗೆ, ದೊಡ್ಡವರಿಗೆ ಬೇಡ ಎನ್ನಿ, ಕೂಗಿ, ಓಡಿ ಎಂದು ಹೇಳಿಕೊಡುತ್ತೇವೆ. ಇಷ್ಟು ವರ್ಷ ಕಲಿಸಿದ ವಿಧೇಯತೆಗೆ ಅದು ತದ್ವಿರುದ್ಧ. ಆ ಹಳೆಯ ಪಾಠ ಕಳಚಿ ಬಿದ್ದರೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಪ್ರತಿ ಹಗರಣದ ನಂತರ ಕೇಳಿಬರುವ ಪರಿಹಾರ ಮಾತ್ರ ಒಂದೇ: ಶಾಲೆಯಲ್ಲಿ ನೈತಿಕ ಶಿಕ್ಷಣ ಬೇಕು. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ಇದನ್ನು ಹೇಳಿತು, 1999ರಲ್ಲಿ ಎಸ್.ಬಿ. ಚವಾಣ್ ನೇತೃತ್ವದ ಸಂಸದೀಯ ಸಮಿತಿ ಹೇಳಿತು. ಕರ್ನಾಟಕ ಸರ್ಕಾರ 2023ರ ಜನವರಿಯಲ್ಲಿ ಮಠಾಧೀಶರು, ಧರ್ಮಗುರುಗಳು, ಶಿಕ್ಷಣ ತಜ್ಞರನ್ನು ಬೆಂಗಳೂರಿನಲ್ಲಿ ಸೇರಿಸಿ ಚರ್ಚಿಸಿತು. ಯಾವ ಗ್ರಂಥ ಇರಬೇಕು, ಯಾವುದು ಇರಬಾರದು ಎಂಬ ಜಗಳದಲ್ಲಿ, ಪೂರ್ಣ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುವ ಸಂವಿಧಾನದ 28ನೇ ವಿಧಿಯ ತೊಡಕಿನಲ್ಲಿ, ಮುಖ್ಯ ಪ್ರಶ್ನೆ ಮರೆಯಾಗುತ್ತದೆ. ವಾರಕ್ಕೆ ಒಂದೆರಡು ಪೀರಿಯಡ್ ನೀತಿ ಹೇಳಿ, ಮಾರ್ಚ್ ತಿಂಗಳಲ್ಲಿ ಅದೇ ಕಟ್ಟಡದಲ್ಲಿ ಚೀಟಿ ಹಂಚಿದರೆ ಮಗು ಯಾವುದನ್ನು ನಂಬಬೇಕು? ಒಬ್ಬ ಶಿಕ್ಷಕನಾಗಿ ನನ್ನ ಬೇಡಿಕೆ ಇಷ್ಟು: ಫಲಿತಾಂಶದ ಶೇಕಡಾವಾರು ನೋಡಿ ನೋಟಿಸ್ ಕೊಡುವುದನ್ನು ನಿಲ್ಲಿಸಿ. ನಕಲು ತಡೆದ ಮೇಲ್ವಿಚಾರಕನನ್ನು ಊರವರು ಅಡ್ಡಗಟ್ಟಿದಾಗ ಇಲಾಖೆ ಅವನ ಜೊತೆ ನಿಲ್ಲಲಿ. ಪ್ರಾಮಾಣಿಕವಾಗಿ ಬರೆದು ನೇಮಕಾತಿ ರದ್ದತಿಯಲ್ಲಿ ಸಿಲುಕಿದವರಿಗೆ, ನೀವು ನಿರ್ದೋಷಿಗಳು ಎಂದು ಹೇಳುವ ಒಂದು ಪತ್ರವನ್ನಾದರೂ ಸರ್ಕಾರ ಬರೆಯಲಿ. ನೀತಿಯ ಪಠ್ಯಪುಸ್ತಕ ಆಮೇಲೆ ಬರಲಿ.

ಆ ಹುಡುಗ ಮರುಪರೀಕ್ಷೆ ಬರೆದ. ಆಯ್ಕೆಯಾಗಲಿಲ್ಲ. ಈಗ ತಾಲ್ಲೂಕು ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಗಣಿತ ಹೇಳಿಕೊಡುತ್ತಾನೆ. ಮೊದಲ ದಿನವೇ, ಇಲ್ಲಿ ಯಾರಿಗೂ ಕೆಲಸದ ಖಾತ್ರಿ ಇಲ್ಲ ಎಂದು ಹೇಳಿಬಿಡುತ್ತಾನಂತೆ. ಅವನ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಬಿಡುವಿನ ಪೀರಿಯಡ್ ಸಿಕ್ಕಾಗ ಪುಣ್ಯಕೋಟಿಯ ಕಥೆಯನ್ನು ಮತ್ತೆ ತೆಗೆದೆ. ಮಕ್ಕಳಿಗೆ ಅದು ಚಿಕ್ಕಂದಿನಿಂದಲೇ ಬಾಯಿಪಾಠ. ನೀತಿ ಹೇಳಲಿಲ್ಲ. ಹುಲಿ ಸಾಯದೆ ಹಸುವನ್ನು ತಿಂದೇಬಿಟ್ಟಿದ್ದರೆ ಎಂದು ಕೇಳಿದೆ. ಹಿಂದಿನ ಬೆಂಚಿನವನು “ಹಾಗಾದರೆ ಹಸು ದಡ್ಡ, ಸರ್” ಎಂದ. ಹಲವರು ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನಗಲಿಲ್ಲ. “ಹುಲಿ ತಿನ್ನುತ್ತದೆ ಎಂದು ಗೊತ್ತಿದ್ದೇ ಹೋಯಿತಲ್ಲ, ಸರ್. ಕರುವನ್ನು ನೋಡಿಕೊಳ್ಳಿ ಎಂದು ಹೇಳಿ ಹೋಯಿತಲ್ಲ” ಎಂದಳು. ಹಿಂದಿನವನು ಸುಮ್ಮನಾಗಲಿಲ್ಲ, ಕರುವಿನ ಗತಿ ಏನು, ಅದಕ್ಕೆ ಯಾರು ಉತ್ತರ ಹೇಳಬೇಕು ಎಂದು ಕೇಳಿದ. ಉಳಿದ ಹಸುಗಳು ಹೇಳಬೇಕು ಎಂದು ಇನ್ನೊಬ್ಬ ಹೇಳಿದ. ಗಂಟೆ ಬಾರಿಸಿದ ಮೇಲೂ ಅವರು ವರಾಂಡದಲ್ಲಿ ನಿಂತು ಉಳಿದ ಹಸುಗಳ ಬಗ್ಗೆಯೇ ವಾದ ಮಾಡುತ್ತಿದ್ದರು.